ಮನೆ ಈ ಕಡೆ, ಕೆಲಸ ಆ ಕಡೆ: ನಮ್ಮ ಗಾಡಿ ಯಾವ ರಾಜ್ಯದ್ದು?



ತಲಪಾಡಿ ದಾಟಿ ದಿನಾ ಮಂಗಳೂರಿಗೆ ಹೋಗಿಬರೋ ಮಂಜೇಶ್ವರದವರಿಗೆ, ಅತ್ತಿಬೆಲೆ ದಾಟಿ ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗೋ ಹೊಸೂರಿನವರಿಗೆ, ಚಾಮರಾಜನಗರದ ಪೇಟೆಗೆ ಬರೋ ತಾಳವಾಡಿಯವರಿಗೆ, ವಿಜಯಪುರದ ಆಸ್ಪತ್ರೆಗೆ ಬರೋ ಜತ್ತಿನವರಿಗೆ, ಬಳ್ಳಾರಿಯಲ್ಲಿ ವ್ಯಾಪಾರ ಮಾಡೋ ರಾಯದುರ್ಗದವರಿಗೆ ಈ ಪ್ರಶ್ನೆ ಹೊಸದೇನಲ್ಲ.

"ಗಾಡಿ ಯಾವ ಸ್ಟೇಟಿಂದು? ಇಲ್ಲಿಗೆ ಬಂದು ಎಷ್ಟು ದಿನ ಆಯ್ತು?"

ಇದಕ್ಕೆ ಏನಂತ ಉತ್ತರ ಕೊಡೋದು? ಬೆಳಿಗ್ಗೆ ಬಂದ್ವಿ, ಸಂಜೆ ಹೋಗ್ತೀವಿ. ಹಾಗೇ ಇಪ್ಪತ್ತು ವರ್ಷದಿಂದ ಬರ್ತಾ ಇದ್ದೀವಿ. ಇದನ್ನ ಒಂದು ದಿನ ಅಂತ ಲೆಕ್ಕ ಹಾಕ್ತೀರೋ, ಇಪ್ಪತ್ತು ವರ್ಷ ಅಂತ ಲೆಕ್ಕ ಹಾಕ್ತೀರೋ? ಕೇಳೋ ಅಧಿಕಾರಿಗೂ ಗೊತ್ತಿಲ್ಲ, ಹೇಳೋ ನಮಗೂ ಗೊತ್ತಿಲ್ಲ. ಕಾನೂನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಒಂದು ಊರು ಬಿಟ್ಟು ಇನ್ನೊಂದು ಊರಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗೋ ಮನುಷ್ಯ. ನಾವು ಗಂಟುಮೂಟೆ ಕಟ್ಟಿದವರಲ್ಲ. ಇದ್ದ ಜಾಗದಲ್ಲೇ ಇದ್ದೀವಿ. ಗೆರೆ ನಮ್ಮ ಅಂಗಳದಲ್ಲಿ ಹಾದುಹೋಗಿದೆ, ಅಷ್ಟೇ.

ಮೊದಲು ಕಾನೂನು ಏನು ಹೇಳತ್ತೆ ಅಂತ ನೋಡೋಣ. ಯಾಕಂದ್ರೆ ಈ ವಿಷಯದಲ್ಲಿ ಗಾಳಿಮಾತೇ ಜಾಸ್ತಿ.

1988ರ ಮೋಟಾರು ವಾಹನ ಕಾಯ್ದೆಯ 46ನೇ ಕಲಂ ಪ್ರಕಾರ ಒಂದು ರಾಜ್ಯದಲ್ಲಿ ಆದ ನೋಂದಣಿ ಇಡೀ ದೇಶಕ್ಕೆ ಸಲ್ಲುತ್ತೆ. 47ನೇ ಕಲಂ ಪ್ರಕಾರ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡ್ರೆ ಅಲ್ಲಿನ ಹೊಸ ನಂಬರ್ ತಗೋಬೇಕು. ಅದಕ್ಕೆ ಹಳೇ ಆರ್‌ಟಿಒ ಕಚೇರಿಯಿಂದ ಎನ್‌ಒಸಿ ಬೇಕು, ಅದು 48ನೇ ಕಲಂ. ಇದೆಲ್ಲ ಕೇಂದ್ರದ ಕಾನೂನು. ಆದ್ರೆ ವಾಹನದ ಮೇಲಿನ ತೆರಿಗೆ ಸಂವಿಧಾನದ 7ನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿದೆ. ಅಂದ್ರೆ ನಂಬರ್ ಪ್ಲೇಟಿಗೆ ಒಂದು ಕಾನೂನು, ತೆರಿಗೆಗೆ ಪ್ರತಿ ರಾಜ್ಯದ್ದೂ ಬೇರೆ ಬೇರೆ ಕಾನೂನು. ಈ ಎರಡರ ನಡುವಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡಿರೋದು ನಾವು.

ನಮ್ಮದೇ ತವರು ರಾಜ್ಯ ಇದರಲ್ಲಿ ಸಾಚಾ ಅಂತ ಹೇಳೋಕೂ ಆಗಲ್ಲ. 2014ರಲ್ಲಿ ಕರ್ನಾಟಕ ಸರ್ಕಾರ ತನ್ನ ತೆರಿಗೆ ಕಾಯ್ದೆಗೆ ತಿದ್ದುಪಡಿ ತಂದು, ಹೊರರಾಜ್ಯದ ವಾಹನ 30 ದಿನಕ್ಕಿಂತ ಹೆಚ್ಚು ಕಾಲ ಇಲ್ಲಿದ್ರೆ ಜೀವಿತಾವಧಿ ತೆರಿಗೆ ಕಟ್ಟಬೇಕು ಅಂತ ಹೇಳಿತ್ತು. 2016ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ರದ್ದು ಮಾಡ್ತು. ಆ "30 ದಿನ" ಅನ್ನೋ ಮಾತು ಮಾತ್ರ ಜನರ ಬಾಯಲ್ಲಿ ಇನ್ನೂ ಓಡಾಡ್ತಾ ಇದೆ. ಅವತ್ತು ಕೆಎಲ್, ಟಿಎನ್, ಎಂಎಚ್, ಎಪಿ ನಂಬರಿನ ಗಾಡಿಗಳಲ್ಲಿ ಕೂತು ಭಯ ಪಟ್ಟವರಲ್ಲಿ ಕನ್ನಡಿಗರೂ ಇದ್ರು ಅನ್ನೋದು ಬೆಂಗಳೂರಿನಲ್ಲಿ ಕೂತವರಿಗೆ ಹೊಳೀಲೇ ಇಲ್ಲ.

ನಮ್ಮ ಗುಂಪಿನ ಒಬ್ಬ ಗೆಳೆಯರ ಕಥೆ ಹೇಳ್ತೀವಿ. ಮನೆ ಮಹಾರಾಷ್ಟ್ರದ ಕಡೆ, ನೆಂಟರಿಷ್ಟರು ಎಲ್ಲ ಕರ್ನಾಟಕದ ಕಡೆ. ಪರಿಚಯದವರ ಹತ್ರ ಕೆಎ ನಂಬರಿನ ಹಳೇ ಕಾರು ತಗೊಂಡ್ರು. ನಿಯತ್ತಾಗಿ ಎಂಎಚ್ ನಂಬರ್ ಮಾಡಿಸೋಣ ಅಂತ ಹೊರಟರು. ಸಾಲ ತೀರಿದ್ರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು, ಅದನ್ನ ತೆಗೆಸೋಕೆ ಒಂದು ಓಡಾಟ. ಚಾಸಿ ನಂಬರಿನ ಅಚ್ಚು, ವಿಮೆ, ಹೊಗೆ ತಪಾಸಣೆ, ಪೊಲೀಸ್ ವರದಿ, ಎನ್‌ಒಸಿ. ಅಷ್ಟಾದ ಮೇಲೆ ಈ ಕಡೆ ತೆರಿಗೆ ಪೂರ್ತಿ ಕಟ್ಟು, ಹೊಸ ನಂಬರ್ ತಗೋ, ಆಮೇಲೆ ಆ ದಾಖಲೆ ಹಿಡ್ಕೊಂಡು ಆ ಕಡೆ ಹೋಗಿ ಉಳಿದ ಅವಧಿಯ ತೆರಿಗೆ ವಾಪಸ್ ಕೇಳು. ಒಂದೇ ಕಾರಿಗೆ ಒಂದೇ ಅವಧಿಗೆ ಎರಡು ರಾಜ್ಯಗಳ ಖಜಾನೆಯಲ್ಲಿ ಅವರ ದುಡ್ಡು ಎಂಟು ತಿಂಗಳು ಕೂತಿತ್ತು. ಅವರೇನು ಸಾಹುಕಾರರಲ್ಲ, ದ್ರಾಕ್ಷಿ ಬೆಳೆಯೋ ರೈತ. ಆ ದುಡ್ಡಿಗೆ ಬಡ್ಡಿ ಕಟ್ಟಿದ್ದು ಅವರು.

"ನೋಡ್ರಿ, ಕಳ್ಳದಾರಿ ಹಿಡಿದವ ಆರಾಮಾಗಿ ಓಡಾಡ್ತಾನ. ಸರಿ ದಾರಿ ಹಿಡಿದ ನನಗ ಶಿಕ್ಷೆ ಆತು" ಅಂದ್ರು. ಅದಕ್ಕೆ ನಮ್ಮಲ್ಲಿ ಯಾರ ಹತ್ರವೂ ಉತ್ತರ ಇರಲಿಲ್ಲ.

ಈ ವಿಷಯ ಎತ್ತಿದಾಗೆಲ್ಲ ನಮಗೆ ಸಿಗೋ ಉತ್ತರ ಒಂದೇ. "ರಾಜ್ಯ ಬೇರೆ ಅಂದ್ಮೇಲೆ ತೆರಿಗೆ ಬೇರೆ, ರೂಲ್ಸ್ ಬೇರೆ. ಏನ್ ಮಾಡೋಕಾಗತ್ತೆ?"

ಏನ್ ಮಾಡೋಕಾಗತ್ತೆ ಅಂತ ತಿಳಿಯಬೇಕಾದ್ರೆ ಯುರೋಪಿನ ಕಡೆ ಸ್ವಲ್ಪ ನೋಡಬೇಕು. ಅಲ್ಲಿರೋದು ಒಂದು ದೇಶದ ರಾಜ್ಯಗಳಲ್ಲ, 27 ಬೇರೆ ಬೇರೆ ದೇಶಗಳು. ಒಂದು ಕಾಲದಲ್ಲಿ ಒಬ್ಬರ ಮೇಲೊಬ್ಬರು ಯುದ್ಧ ಮಾಡಿದವರು. ಭಾಷೆ ಬೇರೆ, ತೆರಿಗೆ ಬೇರೆ, ನಂಬರ್ ಪ್ಲೇಟ್ ಬೇರೆ. ಅಲ್ಲೂ ಕಾರು ತಗೊಂಡು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ವಾಸ ಬದಲಿಸಿದ್ರೆ ಹೊಸದಾಗಿ ನೋಂದಣಿ ಮಾಡಿಸಲೇಬೇಕು. ಅಲ್ಲಿ ಎಲ್ಲಾ ಸ್ವರ್ಗ ಅಂತ ನಾವು ಹೇಳ್ತಿಲ್ಲ. ಡೆನ್ಮಾರ್ಕಿನಲ್ಲಿ ನೋಂದಣಿ ತೆರಿಗೆಯ ಮೇಲಿನ ಹಂತ ಶೇ. 150 ಇದೆ! ಮರುನೋಂದಣಿಯನ್ನು ಸರಳ ಮಾಡೋಕೆ ಯುರೋಪಿಯನ್ ಕಮಿಷನ್ 2012ರ ಏಪ್ರಿಲ್‌ನಲ್ಲಿ ಒಂದು ಕಾನೂನಿನ ಪ್ರಸ್ತಾವ ಇಟ್ಟಿತು, ಅದು ಜಾರಿಗೆ ಬರಲೇ ಇಲ್ಲ. ಅಲ್ಲಿನ ಜನರೂ ಕಚೇರಿಯಿಂದ ಕಚೇರಿಗೆ ಅಲೀತಾರೆ.

ಆದ್ರೂ ಅವರು ಮೂರು ಮಾತನ್ನು ಗಟ್ಟಿ ಮಾಡಿಕೊಂಡಿದ್ದಾರೆ. ಆ ಮೂರು ಮಾತೇ ನಮಗೆ ಬೇಕಾಗಿರೋದು.

ಮೊದಲನೇ ಮಾತು: ನೋಡಬೇಕಾದ್ದು ಗಾಡಿ ಎಲ್ಲಿ ನಿಂತಿದೆ ಅಂತಲ್ಲ, ಮನುಷ್ಯನ ಮನೆ ಎಲ್ಲಿದೆ ಅಂತ.

1983ರಲ್ಲೇ ಅವರು ಮಾಡಿಕೊಂಡ ಒಂದು ನಿಯಮದಲ್ಲಿ "ಸಾಮಾನ್ಯ ವಾಸಸ್ಥಳ" ಅಂದ್ರೆ ಏನು ಅಂತ ಸ್ಪಷ್ಟವಾಗಿ ಬರೆದಿದ್ದಾರೆ. ವರ್ಷಕ್ಕೆ ಕನಿಷ್ಠ 185 ದಿನ ಎಲ್ಲಿ ಬದುಕ್ತಾರೋ ಅದು. ಕೆಲಸ ಒಂದು ದೇಶದಲ್ಲಿ, ಮನೆಮಂದಿ ಇನ್ನೊಂದು ದೇಶದಲ್ಲಿ ಇದ್ರೆ? ಆತ ಮನೆಗೆ ನಿಯಮಿತವಾಗಿ ಹೋಗಿಬರ್ತಾ ಇದ್ರೆ, ಮನೆಮಂದಿ ಇರೋದೇ ಅವನ ವಾಸಸ್ಥಳ. ಬೇರೆ ದೇಶದ ನಂಬರಿನ ಕಾರನ್ನು 12 ತಿಂಗಳಲ್ಲಿ 6 ತಿಂಗಳವರೆಗೆ ತೆರಿಗೆ ಇಲ್ಲದೆ ಇಟ್ಟುಕೊಳ್ಳಬಹುದು. ಇನ್ನೂ ಮುಖ್ಯವಾದ್ದು ಕೇಳಿ: ಒಂದು ದೇಶದ ಮನೆಯಿಂದ ಇನ್ನೊಂದು ದೇಶದ ಕೆಲಸದ ಜಾಗಕ್ಕೆ ತನ್ನೂರಿನ ನಂಬರಿನ ಕಾರಲ್ಲಿ ನಿಯಮಿತವಾಗಿ ಹೋಗಿಬರೋವನಿಗೆ ಯಾವ ಕಾಲಮಿತಿಯೂ ಇಲ್ಲ. ಬರೀ ಓದೋಕೆ ಅಂತ ಇನ್ನೊಂದು ದೇಶದಲ್ಲಿರೋ ವಿದ್ಯಾರ್ಥಿಗೂ ಅದೇ ನಿಯಮದಲ್ಲಿ ವಿನಾಯಿತಿ ಇದೆ.

ಪುಟ್ಟ ಲಕ್ಸೆಂಬರ್ಗಿಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಗಳಿಂದ 2 ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿ ಕೆಲಸಕ್ಕೆ ಬರ್ತಾರೆ. ಅವರನ್ನೆಲ್ಲ ನಿಲ್ಲಿಸಿ "ಬಂದು ಎಷ್ಟು ದಿನ ಆಯ್ತು" ಅಂತ ಕೇಳ್ತಾ ಕೂತ್ರೆ ಆ ದೇಶ ನಡೆಯುತ್ತಾ? ಹೊಸೂರು ಮತ್ತು ಅತ್ತಿಬೆಲೆ, ಮಂಜೇಶ್ವರ ಮತ್ತು ಮಂಗಳೂರು ಇದಕ್ಕಿಂತ ಬೇರೆ ಏನು?

ಇಟಲಿ ಈ ಮಾತನ್ನು ಮೀರೋಕೆ ಹೋಗಿ ಪೆಟ್ಟು ತಿಂತು. ಇಟಲಿಯಲ್ಲಿ 60 ದಿನಕ್ಕಿಂತ ಹೆಚ್ಚು ವಾಸ ಇರೋರು ಹೊರದೇಶದ ನಂಬರಿನ ವಾಹನ ಓಡಿಸೋ ಹಾಗಿಲ್ಲ ಅಂತ 2018ರಲ್ಲಿ ಕಾನೂನು ಮಾಡಿದ್ರು. ಒಬ್ಬ ದಂಪತಿ, ಒಬ್ಬರ ವಾಸ ಇಟಲಿಯಲ್ಲಿ, ಇನ್ನೊಬ್ಬರ ವಾಸ ಸ್ಲೊವಾಕಿಯಾದಲ್ಲಿ. ಸ್ಲೊವಾಕಿಯಾ ನಂಬರಿನ ಕಾರನ್ನು ಇಟಲಿಯಲ್ಲಿ ಓಡಿಸಿದ್ದಕ್ಕೆ ಸಿಕ್ಕಿಬಿದ್ರು. ಕೇಸು ಯುರೋಪಿನ ನ್ಯಾಯಾಲಯಕ್ಕೆ ಹೋಯ್ತು. ಕಾರು ಯಾರದ್ದು, ಎಷ್ಟು ದಿನಕ್ಕೆ, ಯಾವ ಕಾರಣಕ್ಕೆ ಅಂತ ಯಾವುದನ್ನೂ ನೋಡದೆ ಒಟ್ಟಾರೆ ನಿಷೇಧ ಹಾಕೋದು ಸರಿಯಲ್ಲ ಅಂತ 2021ರ ಡಿಸೆಂಬರ್ 16ರಂದು ತೀರ್ಪು ಬಂತು. ಗಡಿನಾಡಿನಲ್ಲಿ ಅಳಿಯನ ಬೈಕು ಮಾವನ ಮನೆಯಲ್ಲಿ ನಿಲ್ಲೋದು, ತಂಗಿಯ ಸ್ಕೂಟರನ್ನು ಅಣ್ಣ ಓಡಿಸೋದು ಎಷ್ಟು ಸಾಮಾನ್ಯ ಅಂತ ನಿಮಗೆ ಹೇಳಬೇಕಾಗಿಲ್ಲ.

ಎರಡನೇ ಮಾತು: ಒಂದು ಕಡೆ ಬಳಸಿದ ಗಾಡಿ ಇನ್ನೊಂದು ಕಡೆ ಬಂದ ಮಾತ್ರಕ್ಕೆ ಹೊಸ ಗಾಡಿ ಆಗಲ್ಲ.

ಡೆನ್ಮಾರ್ಕ್ ಒಂದು ಕಾಲದಲ್ಲಿ ಹೊರಗಿಂದ ಬಂದ ಹಳೇ ಕಾರಿಗೂ ಹೊಸ ಕಾರಿನ ಬೆಲೆಯ ಶೇ. 90ರ ಮೇಲೆ ತೆರಿಗೆ ಹಾಕ್ತಿತ್ತು. ಕಾರು ಎಷ್ಟೇ ಹಳೇದಿರಲಿ! ಅದು ತಪ್ಪು ಅಂತ 1990ರಲ್ಲಿ ತೀರ್ಪಾಯ್ತು. ಆಮೇಲೆ ಪೋರ್ಚುಗಲ್ಲಿನ ಕೇಸು 2001ರಲ್ಲಿ, ಹಂಗೇರಿಯದ್ದು 2006ರಲ್ಲಿ, ಪೋಲೆಂಡಿನದ್ದು 2007ರಲ್ಲಿ, ರೊಮೇನಿಯಾದ್ದು 2011ರಲ್ಲಿ. ಈ ತೀರ್ಪುಗಳ ಉದ್ದಕ್ಕೂ ಬಂದ ಸೂತ್ರ ಇಷ್ಟೇ: ಅಷ್ಟೇ ಹಳೆಯ, ಅದೇ ಥರದ ಸ್ಥಳೀಯ ಕಾರಿನ ಬೆಲೆಯೊಳಗೆ ಇನ್ನೂ ಎಷ್ಟು ತೆರಿಗೆ ಉಳಿದಿದೆಯೋ, ಹೊರಗಿಂದ ಬಂದ ಕಾರಿಗೂ ಅಷ್ಟೇ ಹಾಕಬೇಕು, ಅದಕ್ಕಿಂತ ಹೆಚ್ಚು ಹಾಕಬಾರದು. ಈ ಹೆಚ್ಚಿನ ಕೇಸುಗಳ ಹಿಂದೆ ಇದ್ದೋರು ದೊಡ್ಡ ಕಂಪನಿಗಳಲ್ಲ. ಹಳೇ ಕಾರು ತಂದು, ತೆರಿಗೆ ಕಟ್ಟಿ, ಇದು ಅನ್ಯಾಯ ಅಂತ ಕೋರ್ಟಿಗೆ ಹೋದ ಸಾಮಾನ್ಯ ಜನ.

ಮೂರನೇ ಮಾತು: ಆ ಕಡೆಯ ಕಾಗದವನ್ನು, ಆ ಕಡೆಯ ತಪಾಸಣೆಯನ್ನು ಈ ಕಡೆಯವರು ನಂಬಬೇಕು.

ಅಲ್ಲಿನ ಆರ್‌ಸಿಯಲ್ಲಿ ಪ್ರತಿ ವಿವರಕ್ಕೂ ಒಂದು ಅಕ್ಷರದ ಗುರುತು ಇದೆ. 'ಎ' ಅಂದ್ರೆ ನೋಂದಣಿ ಸಂಖ್ಯೆ, 'ಬಿ' ಅಂದ್ರೆ ಮೊದಲ ನೋಂದಣಿಯ ದಿನಾಂಕ, 'ಇ' ಅಂದ್ರೆ ಚಾಸಿ ಸಂಖ್ಯೆ. 1999ರ ನಿಯಮದಿಂದ ಎಲ್ಲ ದೇಶಕ್ಕೂ ಇದು ಒಂದೇ. ಜರ್ಮನ್ ಬಾರದ ಪೋರ್ಚುಗಲ್ಲಿನ ಗುಮಾಸ್ತನೂ ಜರ್ಮನಿಯ ಆರ್‌ಸಿ ಓದಬಲ್ಲ. ಭಾಷೆ ಉಳಿಸಿಕೊಂಡೇ ವ್ಯವಹಾರ ಸುಲಭ ಮಾಡೋದು ಅಂದ್ರೆ ಇದು.

ಈ ಮಾತಿನ ಬಲ ಎಷ್ಟು ಅಂತ ತಿಳಿಯೋಕೆ ಸ್ಟೀರಿಂಗಿನ ಕಥೆ ಕೇಳಿ. 2004ರಲ್ಲಿ ಪೋಲೆಂಡ್, ಲಿಥುವೇನಿಯಾ ಯುರೋಪಿಯನ್ ಒಕ್ಕೂಟಕ್ಕೆ ಸೇರಿದ ಮೇಲೆ ಅಲ್ಲಿನ ಜನ ಕೆಲಸಕ್ಕೆ ಅಂತ ಬ್ರಿಟನ್, ಐರ್ಲೆಂಡಿಗೆ ಹೋದ್ರು. ಅಲ್ಲಿ ನಮ್ಮ ಹಾಗೇ ಎಡಬದಿಯಲ್ಲಿ ಓಡಿಸೋದು, ಸ್ಟೀರಿಂಗ್ ಬಲಕ್ಕೆ. ಊರಿಗೆ ಕಾರು ತಂದಾಗ, ಸ್ಟೀರಿಂಗನ್ನು ಎಡಕ್ಕೆ ಬದಲಾಯಿಸದೆ ನೋಂದಣಿ ಮಾಡಲ್ಲ ಅಂದ್ರು ಊರಿನ ಅಧಿಕಾರಿಗಳು. ಕಾರಣ? ಸುರಕ್ಷತೆ. ಯುರೋಪಿನ ನ್ಯಾಯಾಲಯ 2014ರ ಮಾರ್ಚ್ 20ರಂದು ಎರಡೂ ದೇಶಗಳ ವಿರುದ್ಧ ತೀರ್ಪು ಕೊಡ್ತು. ಪ್ರವಾಸಕ್ಕೆ ಬಂದವರ ಬಲ ಸ್ಟೀರಿಂಗಿನ ಕಾರು ನಿಮ್ಮ ರಸ್ತೆಯಲ್ಲಿ ಓಡಬಹುದಾದ್ರೆ, ಇಲ್ಲೇ ವಾಸಕ್ಕೆ ಬಂದವರ ಕಾರು ಯಾಕೆ ಓಡಬಾರದು ಅನ್ನೋದು ಆ ವಾದದ ತಿರುಳು. ಸ್ಟೀರಿಂಗ್ ಬೇರೆ ಬದಿಯಲ್ಲಿರೋ ಕಾರನ್ನೇ ನೋಂದಣಿ ಮಾಡಿಕೊಳ್ಳಿ ಅಂತ ಅಲ್ಲಿ ಹೇಳಿದ್ರು. ನಮ್ಮಲ್ಲಿ ಸ್ಟೀರಿಂಗೂ ಒಂದೇ ಕಡೆ, ಕಾಯ್ದೆಯೂ ಒಂದೇ, ಕಾರಿನ ಕಂಪನಿಯೂ ಒಂದೇ. ಆದ್ರೂ ಈ ಫಜೀತಿ!

ಈಗ ಎದುರು ವಾದಕ್ಕೆ ಬರೋಣ. ರಾಜ್ಯಗಳ ಭಯ ಪೂರ್ತಿ ಸುಳ್ಳೇನಲ್ಲ. ತೆರಿಗೆ ಕಡಿಮೆ ಇರೋ ಕಡೆ ನಕಲಿ ವಿಳಾಸ ಕೊಟ್ಟು ನೋಂದಣಿ ಮಾಡಿಸಿ, ಇನ್ನೊಂದು ಕಡೆ ವರ್ಷಗಟ್ಟಲೆ ಓಡಿಸೋರು ಇದ್ದಾರೆ. ಪುದುಚೇರಿಯಲ್ಲಿ ನೋಂದಣಿ ಮಾಡಿಸಿ ಕೇರಳದಲ್ಲಿ ಓಡಾಡ್ತಿದ್ದ ಐಷಾರಾಮಿ ಕಾರುಗಳ ಗಲಾಟೆ 2017ರಲ್ಲಿ ಎಷ್ಟು ದೊಡ್ಡದಾಯ್ತು ಅಂತ ಕಾಸರಗೋಡಿನವರಿಗೆ ನೆನಪಿರಬೇಕು. ಅಂಥವರ ಪರ ನಾವು ನಿಲ್ಲಲ್ಲ. ನಮ್ಮವರೇ ಆಗಿದ್ರೂ ನಿಲ್ಲಲ್ಲ. ಮನೆ, ಮಕ್ಕಳ ಶಾಲೆ, ರೇಷನ್ ಕಾರ್ಡು ಎಲ್ಲ ಒಂದು ರಾಜ್ಯದಲ್ಲಿ ಇಟ್ಟುಕೊಂಡು ತೆರಿಗೆ ಉಳಿಸೋಕೆ ಮಾತ್ರ ಇನ್ನೊಂದು ರಾಜ್ಯದ ಪ್ಲೇಟು ಹಾಕಿಕೊಳ್ಳೋದು ತಪ್ಪು. ಆದ್ರೆ ನೋಡಿ, ವಾಸಸ್ಥಳ ಯಾವುದು ಅಂತ ಸ್ಪಷ್ಟ ನಿಯಮ ಇದ್ರೆ ಸಿಕ್ಕಿಬೀಳೋದು ಇಂಥವರೇ. ನಿಯಮ ಮಸುಕಾಗಿದ್ರೆ ಅವರು ಪಾರಾಗ್ತಾರೆ, ತಲಪಾಡಿಯಲ್ಲಿ ದಿನಾ ಗಡಿ ದಾಟೋ ನರ್ಸಮ್ಮ ಸಿಕ್ಕಿಬೀಳ್ತಾಳೆ.

"ರಾಜ್ಯ ರಾಜ್ಯಗಳ ನಡುವೆ ಓಡಾಡೋರಿಗೆ ಬಿಎಚ್ ಸರಣಿ ತಂದಿದ್ದೀವಲ್ಲ" ಅಂತಾರೆ. 2021ರ ಸೆಪ್ಟೆಂಬರ್ 15ರಿಂದ ಅದು ಜಾರಿಯಲ್ಲಿದೆ, ನಿಜ. ಒಳ್ಳೇ ಯೋಜನೆ. ತೆರಿಗೆಯನ್ನು ಎರಡೆರಡು ವರ್ಷಕ್ಕೆ ಕಟ್ಟಬಹುದು, ರಾಜ್ಯ ಬದಲಾದ್ರೂ ನಂಬರ್ ಬದಲಾಗಲ್ಲ. ಆದ್ರೆ ಅದು ಯಾರಿಗೆ? ಸೈನ್ಯದವರಿಗೆ, ಸರ್ಕಾರಿ ಮತ್ತು ಸಾರ್ವಜನಿಕ ಉದ್ಯಮಗಳ ನೌಕರರಿಗೆ, ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರೋ ಖಾಸಗಿ ಕಂಪನಿಗಳ ನೌಕರರಿಗೆ. ಅಡಿಕೆ ಬೆಳೆಯೋನಿಗೆ ಇಲ್ಲ, ಕಿರಾಣಿ ಅಂಗಡಿಯವನಿಗೆ ಇಲ್ಲ, ಟೈಲರಿಗೆ ಇಲ್ಲ, ಖಾಸಗಿ ಶಾಲೆಯ ಮೇಷ್ಟ್ರಿಗೆ ಇಲ್ಲ. ವರ್ಗಾವಣೆಯಾಗಿ ನಾಲ್ಕು ವರ್ಷಕ್ಕೊಮ್ಮೆ ಗಡಿ ದಾಟೋರಿಗೆ ಸೌಲಭ್ಯ ಇದೆ, ದಿನಕ್ಕೆರಡು ಸಲ ಗಡಿ ದಾಟೋರಿಗೆ ಇಲ್ಲ. ಆದ್ರೂ ಬಿಎಚ್ ಒಂದು ಮಾತನ್ನು ಸಾಬೀತು ಮಾಡಿದೆ: ಮನಸ್ಸು ಮಾಡಿದ್ರೆ ರಾಜ್ಯಗಳು ತೆರಿಗೆಯನ್ನು ಕಂತಿನಲ್ಲಿ ತಗೊಳ್ಳೋಕೆ ಸಾಧ್ಯ ಇದೆ.

ಹಾಗಾಗಿ ನಮ್ಮ ಬೇಡಿಕೆ ಆಕಾಶದ ಚಂದ್ರನಲ್ಲ. ನಾಲ್ಕೇ ನಾಲ್ಕು.

1. 47ನೇ ಕಲಮಿನ 12 ತಿಂಗಳ ಲೆಕ್ಕ ಹಾಕುವಾಗ, ಗಡಿ ತಾಲೂಕಿನ ನಿವಾಸಿ ಕೆಲಸ, ಓದು, ಆಸ್ಪತ್ರೆ, ವ್ಯಾಪಾರಕ್ಕೆ ಪಕ್ಕದ ರಾಜ್ಯಕ್ಕೆ ಹೋಗಿಬರೋದನ್ನು "ಇಟ್ಟುಕೊಂಡ" ಕಾಲ ಅಂತ ಎಣಿಸಬಾರದು. ಇದನ್ನು ಬಾಯಿಮಾತಲ್ಲಿ ಹೇಳೋದಲ್ಲ, ನಿಯಮದಲ್ಲಿ ಬರೀಬೇಕು. ವಾಸಸ್ಥಳಕ್ಕೆ ಈಗಿರೋ ಗುರುತಿನ ಚೀಟಿಯೇ ಸಾಕು, ಹೊಸ ಪಾಸು ಬೇಡ.

2. ನಂಬರ್ ಬದಲಿಸುವಾಗ ಹಳೇ ರಾಜ್ಯದಲ್ಲಿ ಉಳಿದ ತೆರಿಗೆಯನ್ನು ಹೊಸ ರಾಜ್ಯದ ತೆರಿಗೆಗೆ ನೇರವಾಗಿ ಹೊಂದಿಸಬೇಕು. ವಾಹನದ ವಯಸ್ಸಿಗೆ ತಕ್ಕ ಹಾಗೆ ತೆರಿಗೆ ಇಳಿಸೋ ಪಟ್ಟಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಈಗಾಗಲೇ ಇದೆ. ಕೊರತೆ ಇರೋದು ಎರಡು ಖಜಾನೆ ಪರಸ್ಪರ ಮಾತಾಡಿಕೊಳ್ಳೋದರಲ್ಲಿ. ಸರಕಾರಗಳ ನಡುವಿನ ಲೆಕ್ಕವನ್ನು ಸರಕಾರಗಳೇ ಮಾಡಿಕೊಳ್ಳಲಿ, ರೈತನ ಜೇಬಿನಿಂದ ಮುಂಗಡ ಬೇಡ.

3. ಬಿಎಚ್ ಸರಣಿಯನ್ನು ಗಡಿ ತಾಲೂಕುಗಳ ನಿವಾಸಿಗಳಿಗೂ ತೆರೆಯಬೇಕು. ನೌಕರಿ ಯಾವುದು ಅಂತ ಕೇಳಬಾರದು.

4. ಭಾಷಾ ಅಲ್ಪಸಂಖ್ಯಾತರಿರೋ ತಾಲೂಕುಗಳ ಸಾರಿಗೆ ಕಚೇರಿಗಳಲ್ಲಿ ಅರ್ಜಿ, ಸೂಚನಾಫಲಕ, ನೋಟಿಸು ಕನ್ನಡದಲ್ಲೂ ಇರಬೇಕು. ಯಾಕೆ ಅಂದ್ರೆ, ಓದೋಕೆ ಬರದ ನೋಟಿಸಿಗೆ ದಂಡ ಕಟ್ಟಿದವರು ನಮ್ಮಲ್ಲಿದ್ದಾರೆ.

ಇದು ಆಗೋವರೆಗೆ ಏನು ಮಾಡೋದು? ನಿಮ್ಮ ಹಕ್ಕು ನಿಮಗೆ ಗೊತ್ತಿರಲಿ. ಎನ್‌ಒಸಿಗೆ ನಮೂನೆ 28ರಲ್ಲಿ ಅರ್ಜಿ ಹಾಕಿ, ಸ್ವೀಕೃತಿ ರಸೀದಿ ಬಿಡದೇ ತಗೊಳ್ಳಿ. 48ನೇ ಕಲಂ ಪ್ರಕಾರ ನಿರಾಕರಿಸೋದಾದ್ರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. 30 ದಿನದೊಳಗೆ ನಿರಾಕರಣೆ ತಿಳಿಸದೇ ಇದ್ರೆ ಎನ್‌ಒಸಿ ಕೊಟ್ಟ ಹಾಗೇ ಅಂತ ಅದೇ ಕಲಂ ಹೇಳತ್ತೆ. ಹೊಸ ನಂಬರಿಗೆ ನಮೂನೆ 27. ಹೊಸ ನಂಬರ್ ಬಂದ ಮೇಲೆ ವಿಮೆ ಕಂಪನಿಗೆ ತಿಳಿಸೋದು ಮರೀಬೇಡಿ, ಹಳೇ ಕಡೆ ತೆರಿಗೆ ವಾಪಸ್ ಕೇಳೋದು ಅದಕ್ಕಿಂತ ಮರೀಬೇಡಿ. ಎಷ್ಟೋ ಜನ ಇನ್ಯಾರು ಅಲೀತಾರೆ ಅಂತ ಬಿಟ್ಟೇ ಬಿಡ್ತಾರೆ. ಅದು ನಿಮ್ಮ ದುಡ್ಡು! ಇನ್ನೊಂದು ಮಾತು, ಕುಂದುಕೊರತೆಯ ಮನವಿಯನ್ನು ಕನ್ನಡದಲ್ಲೇ ಬರೆದು ಕೊಡಬಹುದು. ಆ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರೋ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸೋ ಹಕ್ಕು ಸಂವಿಧಾನದ 350ನೇ ವಿಧಿಯಲ್ಲಿದೆ.

ಯುರೋಪಿನ ಆ ತೀರ್ಪುಗಳು ತಾವಾಗೇ ಬಂದಿದ್ದಲ್ಲ. ಯಾರೋ ಒಬ್ಬ ತನ್ನ ಹಳೇ ಕಾರಿನ ರಸೀದಿ ಹಿಡಿದು "ಇದು ಸರಿ ಇಲ್ಲ" ಅಂತ ಹೋಗಿ ನಿಂತ. ಅದು ಇಡೀ ಒಕ್ಕೂಟಕ್ಕೆ ನಿಯಮ ಆಯ್ತು. ನಮ್ಮಲ್ಲೂ 30 ದಿನದ ಆ ತಿದ್ದುಪಡಿ ಬಿದ್ದಿದ್ದು ಯಾರೋ ಕೋರ್ಟಿಗೆ ಹೋಗಿದ್ದಕ್ಕೇ. ಗಡಿನಾಡಿನವರು ಇಲ್ಲಿವರೆಗೆ ಮಾಡಿರೋದು ಒಂದೇ: ತಡೆದಾಗ ಕೈಮುಗಿಯೋದು, ಪರಿಚಯದವರಿಗೆ ಫೋನ್ ಮಾಡೋದು, ಹೇಗೋ ದಾಟಿಕೊಂಡು ಬರೋದು. ಅದರಿಂದ ಅವತ್ತಿನ ಕೆಲಸ ಆಗತ್ತೆ, ನಾಳೆ ಬರೋನಿಗೆ ಏನೂ ಉಪಯೋಗ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಗಾಡಿ ತಡೆದ ದಿನ, ಜಾಗ, ಕೇಳಿದ ಪ್ರಶ್ನೆ, ಕಟ್ಟಿದ ದಂಡದ ರಸೀದಿ, ಎನ್‌ಒಸಿಗೆ ಅಲೆದ ಲೆಕ್ಕ, ವಾಪಸ್ ಬಾರದ ತೆರಿಗೆಯ ಮೊತ್ತ, ಎಲ್ಲವನ್ನೂ ಬರೆದಿಡಿ, ನಮಗೆ ಕಳಿಸಿ. ಹೆಸರು ಹಾಕಲ್ಲ. ಕಾಸರಗೋಡು, ವಯನಾಡು, ಹೊಸೂರು, ತಾಳವಾಡಿ, ಅಕ್ಕಲಕೋಟೆ, ಜತ್, ಆದೋನಿ, ಮಡಕಶಿರಾ, ಎಲ್ಲ ಕಡೆಯ ಲೆಕ್ಕ ಒಟ್ಟು ಸೇರಿದ್ರೆ ಅದು ಬರೀ ಗೊಣಗಾಟ ಆಗಲ್ಲ, ದಾಖಲೆ ಆಗತ್ತೆ. ಆ ದಾಖಲೆ ಇಟ್ಟುಕೊಂಡು ಎರಡೂ ಕಡೆಯ ಸಾರಿಗೆ ಇಲಾಖೆಗಳ ಮುಂದೆ ಕೂರೋಣ.

ಮುಂದಿನ ಸಲ "ಬಂದು ಎಷ್ಟು ದಿನ ಆಯ್ತು" ಅಂತ ಯಾರಾದ್ರೂ ಕೇಳಿದಾಗ, ಗಡಿಯವನು ಕೈಮುಗಿಯದೆ ನಿಯಮ ತೋರಿಸೋ ಹಾಗಾಗಬೇಕು. ನಾವು ಕೇಳ್ತಿರೋದು ಅಷ್ಟೇ.